ಬ್ರೇಕ್ ಪ್ಯಾಡ್ ಸಿಕ್ಕಿತು, ಅನುಮತಿ ಸಿಗಲಿಲ್ಲ

ಪುಣೆಯ ನಾನಾ ಪೇಠ್, ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈನ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ. ಯಾವ ಊರಿನಲ್ಲಿದ್ದರೂ ಗಾಡಿ ಇಟ್ಟುಕೊಂಡವರಿಗೆ ಇಂಥದೊಂದು ಬೀದಿ ಗೊತ್ತಿರುತ್ತದೆ. ಸವೆದ ಬ್ರೇಕ್ ಪ್ಯಾಡನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ಕೌಂಟರಿನ ಮೇಲೆ ಇಟ್ಟರೆ ಸಾಕು. ಅಂಗಡಿಯವನು ಒಂದು ಸಲ ತಿರುಗಿಸಿ ನೋಡಿ, "ಒರಿಜಿನಲ್ ಬೇಕಾ, ಲೋಕಲ್ ಸಾಕಾ?" ಎಂದು ಕೇಳುತ್ತಾನೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ವಿಮಾನಕ್ಕೆ ಅಂಥ ಬೀದಿ ಇಲ್ಲ. ಇದ್ದರೂ ಅಲ್ಲಿಂದ ತಂದದ್ದನ್ನು ಹಾಗೇ ಹಾಕುವಂತಿಲ್ಲ. ಇದನ್ನು ನಾನು ಹತ್ತಿರದಿಂದ ಕಂಡದ್ದು ಆಫೀಸಿನ ಕೆಲಸದ ಮೇಲೆ ಎಂಟು ತಿಂಗಳು ಅಮೆರಿಕದ ಅರಿಜೋನಾದಲ್ಲಿದ್ದಾಗ. ನನ್ನ ಎಂ.ಟೆಕ್ ಸಹಪಾಠಿಯೊಬ್ಬ, ಮೂಲತಃ ದಾವಣಗೆರೆಯವನು, ಅಲ್ಲಿ ಇನ್ನಿಬ್ಬರ ಜೊತೆ ಸೇರಿ ಒಂದು ಪುಟ್ಟ ವಿಮಾನ ಇಟ್ಟುಕೊಂಡಿದ್ದಾನೆ. ಎರಡೇ ಸೀಟು, ಮೇಲ್ಗಡೆ ರೆಕ್ಕೆ, ಮೂಗಿನಲ್ಲಿ ರೋಟ್ಯಾಕ್ಸ್ ಎಂಜಿನ್, ತಯಾರಾದದ್ದು ಯುರೋಪಿನಲ್ಲಿ. ವಿಮಾನ ಇದೆ ಅಂದ ಕೂಡಲೇ ಕೋಟ್ಯಧೀಶ ಎಂದುಕೊಳ್ಳಬೇಡಿ. ಹಳೆಯ ವಿಮಾನ, ಮೂವರ ಪಾಲು; ಒಬ್ಬೊಬ್ಬರು ಹಾಕಿರುವುದು ಅಲ್ಲಿ ಒಂದು ಒಳ್ಳೆಯ ಕಾರಿಗೆ ಕೊಡುವ ದುಡ್ಡು.

ಇಂಥ ವಿಮಾನಗಳನ್ನು ಲೈಟ್ ಸ್ಪೋರ್ಟ್ ಏರ್‌ಕ್ರಾಫ್ಟ್ ಎಂದು ಕರೆಯುತ್ತಾರೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ 2004ರಲ್ಲಿ ಈ ವರ್ಗವನ್ನು ಮಾಡಿತು. ಹೆಚ್ಚೆಂದರೆ ಎರಡು ಸೀಟು, ಒಂದು ಎಂಜಿನ್, ಹಾರಲು ಹೊರಡುವಾಗಿನ ಒಟ್ಟು ತೂಕ 600 ಕಿಲೋ ಒಳಗೆ, ಸಮತಟ್ಟು ಹಾರಾಟದಲ್ಲಿ ಗರಿಷ್ಠ ವೇಗ 120 ನಾಟ್. ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಬಲ್ಲ ಕನಿಷ್ಠ ವೇಗ 45 ನಾಟ್ ದಾಟಬಾರದು. 2025ರ ಜುಲೈನಲ್ಲಿ ಪ್ರಕಟವಾದ ಹೊಸ ನಿಯಮ ತೂಕದ ಮಿತಿಯನ್ನು ತೆಗೆದುಹಾಕಿದೆ. ನಾನು ಹೇಳುತ್ತಿರುವುದು ಹಳೆಯ ನಿಯಮದ ಕಾಲದ ಮಾತು. ದುಬಾರಿಯಲ್ಲದ, ಕಲಿಯಲು ಸುಲಭವಾದ ಹಾರಾಟ ಸಾಮಾನ್ಯರಿಗೂ ಎಟುಕಲಿ ಎಂಬುದು ಈ ವರ್ಗದ ಹಿಂದಿದ್ದ ಆಸೆ.

ವಿಮಾನಕ್ಕೂ ಬ್ರೇಕಾ?

ಪುಣೆಗೆ ವಾಪಸಾದ ಮೇಲೆ ಈ ಕತೆ ಹೇಳಿದಾಗಲೆಲ್ಲ ಮೊದಲು ಬರುವ ಪ್ರಶ್ನೆ ಇದು. ಗಾಳಿಯಲ್ಲಿ ಬ್ರೇಕ್ ಇಲ್ಲ, ನಿಜ. ಆದರೆ ನೆಲ ಮುಟ್ಟಿದ ಮೇಲೆ ನಿಲ್ಲಬೇಕಲ್ಲ?

ಒಂದು ಸಣ್ಣ ಲೆಕ್ಕ ಮಾಡೋಣ. 600 ಕಿಲೋ ತೂಕದ ವಿಮಾನ 45 ನಾಟ್, ಅಂದರೆ ಗಂಟೆಗೆ 83 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿತು ಎಂದುಕೊಳ್ಳಿ. ಅದರಲ್ಲಿರುವ ಚಲನಶಕ್ತಿ ಸುಮಾರು 160 ಕಿಲೋಜೂಲ್. ಸವಾರನೂ ಸೇರಿ 180 ಕಿಲೋ ತೂಗುವ ಸ್ಕೂಟರ್ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಶಕ್ತಿ ಸುಮಾರು 17 ಕಿಲೋಜೂಲ್. ಹೆಚ್ಚುಕಡಿಮೆ ಒಂಬತ್ತು ಪಟ್ಟು. ಎಲ್ಲವನ್ನೂ ಬ್ರೇಕೇ ನುಂಗಬೇಕಾಗಿಲ್ಲ. ಗಾಳಿಯ ತಡೆ, ಟೈರಿನ ಉಜ್ಜುವಿಕೆ ಒಂದಷ್ಟು ತಿನ್ನುತ್ತವೆ. ರನ್‌ವೇ ಉದ್ದವಿದ್ದರೆ ಒಳ್ಳೆಯ ಪೈಲಟ್ ಬ್ರೇಕನ್ನು ಮುಟ್ಟುವುದೇ ಅಪರೂಪ. ಆದರೆ ರನ್‌ವೇ ಚಿಕ್ಕದಿದ್ದ ದಿನ, ಎದುರಿಗೆ ಜಿಂಕೆ ಓಡಿ ಬಂದ ದಿನ, ಇನ್ನೊಂದು ವಿಮಾನ ಅಡ್ಡ ಬಂದ ದಿನ ಆ ಶಕ್ತಿಯನ್ನೆಲ್ಲ ಶಾಖವಾಗಿಸಬೇಕಾದದ್ದು ಎರಡು ಹಿಂಬದಿ ಚಕ್ರಗಳಲ್ಲಿ ಕೂತಿರುವ, ಬಿಸ್ಕತ್ತಿನಷ್ಟಿರುವ ಪ್ಯಾಡುಗಳು. ಅರಿಜೋನಾದ ಬಿಸಿಲಿನಲ್ಲಿ ಇದು ಇನ್ನೂ ಜಾಸ್ತಿ. ಕಾದ ಗಾಳಿ ತೆಳುವಾಗಿರುವುದರಿಂದ, ಮೀಟರಿನಲ್ಲಿ ಅದೇ ವೇಗ ಕಂಡರೂ ವಿಮಾನ ನೆಲದ ಮೇಲೆ ಹೆಚ್ಚು ಜೋರಾಗಿ ಓಡುತ್ತಿರುತ್ತದೆ. ಗಾಳಿ ಶೇಕಡಾ 10ರಷ್ಟು ತೆಳುವಾದರೆ ತಡೆಯಬೇಕಾದ ಶಕ್ತಿ ಸುಮಾರು ಶೇಕಡಾ 11ರಷ್ಟು ಏರುತ್ತದೆ.

ನಿಲ್ಲಿಸುವುದಷ್ಟೇ ಬ್ರೇಕಿನ ಕೆಲಸವಲ್ಲ. ಇಂಥ ಹಲವು ವಿಮಾನಗಳಲ್ಲಿ ಮೂಗಿನ ಚಕ್ರ ಸೂಪರ್‌ಮಾರ್ಕೆಟ್ ಗಾಡಿಯ ಚಕ್ರದಂತೆ ಸುಮ್ಮನೆ ತಿರುಗುತ್ತದೆ. ನೆಲದ ಮೇಲೆ ಎಡಕ್ಕೆ ತಿರುಗಬೇಕಾದರೆ ಎಡಗಡೆಯ ಬ್ರೇಕ್ ಒತ್ತಬೇಕು, ಬಲಕ್ಕೆ ಬಲಗಡೆಯದು. ಅಂದರೆ ಬ್ರೇಕೇ ಸ್ಟೀರಿಂಗ್. ಒಂದು ಕಡೆ ಹಿಡಿದು ಇನ್ನೊಂದು ಕಡೆ ಹಿಡಿಯದಿದ್ದರೆ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಇಳಿಯುತ್ತದೆ. ಜೊತೆಗೆ ಹಾರುವ ಮುಂಚೆ ಎಂಜಿನ್ನನ್ನು 4000 ಆರ್‌ಪಿಎಂವರೆಗೆ ಏರಿಸಿ ಇಗ್ನಿಷನ್ ಪರೀಕ್ಷಿಸುವಾಗ ವಿಮಾನವನ್ನು ನಿಂತಲ್ಲೇ ಹಿಡಿದಿಡುವುದೂ ಬ್ರೇಕೇ.

ನಂಬರ್ ಹೇಳದ ನಂಬರ್

ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ತಪಾಸಣೆಗೆ ನಾನೂ ಗೆಳೆಯನ ಜೊತೆ ಹ್ಯಾಂಗರಿಗೆ ಹೋಗಿದ್ದೆ. ಏಪ್ರಿಲ್ ಕೊನೆಯ ವಾರ. ಮೆಕ್ಯಾನಿಕ್ ಎಡ ಚಕ್ರದ ಹತ್ತಿರ ಕೂತು, ಗೇಜ್ ಹಿಡಿದು ನೋಡಿ, ತಲೆ ಅಲ್ಲಾಡಿಸಿದ. ಪ್ಯಾಡ್ ಮಿತಿಗಿಂತ ತೆಳುವಾಗಿತ್ತು. ಸಣ್ಣ ವಿಮಾನಗಳಲ್ಲಿ ಬಹಳ ಬಳಕೆಯಲ್ಲಿರುವ ಕ್ಲೀವ್‌ಲ್ಯಾಂಡ್ ಬ್ರೇಕುಗಳಲ್ಲಿ ಈ ಮಿತಿ 0.1 ಇಂಚು, ಅಂದರೆ ಎರಡೂವರೆ ಮಿಲಿಮೀಟರ್. ಅದಕ್ಕಿಂತ ಕೆಳಗೆ ಹೋದರೆ ಪ್ಯಾಡನ್ನು ಹಿಡಿದಿರುವ ರಿವೆಟ್ಟಿನ ತಲೆ ಡಿಸ್ಕಿಗೆ ತಾಗಿ ಅದನ್ನೇ ಕೆರೆಯಲು ಶುರುಮಾಡುತ್ತದೆ. ನಮ್ಮ ವಿಮಾನದ ಬ್ರೇಕು ಬೇರೆ ಕಂಪನಿಯದು, ಮಿತಿಯ ಅಂಕಿಯೂ ಬೇರೆ. ಆದರೆ ತತ್ವ ಇದೇ.

"ಪ್ಯಾಡ್ ತರಿಸಿ, ಒಂದು ಗಂಟೆಯ ಕೆಲಸ" ಎಂದ ಮೆಕ್ಯಾನಿಕ್. ಕೆಲಸ ಒಂದು ಗಂಟೆಯದೇ. ಅಲ್ಲಿಗೆ ಮುಟ್ಟಲು ಆರು ವಾರ ದಾಟಿತು.

ವಿಮಾನದ ಕೈಪಿಡಿಯಲ್ಲಿ ಪ್ಯಾಡಿಗೊಂದು ನಂಬರ್ ಇತ್ತು. ಆದರೆ ಅದು ವಿಮಾನ ತಯಾರಿಸಿದ ಕಂಪನಿ ತನ್ನ ಲೆಕ್ಕಕ್ಕೆ ಇಟ್ಟುಕೊಂಡ ನಂಬರ್. ಬ್ರೇಕ್ ಮಾಡಿದವರು ಯಾರು, ಅವರ ಭಾಷೆಯಲ್ಲಿ ಇದಕ್ಕೆ ಏನು ಹೆಸರು ಎಂಬುದು ಎಲ್ಲಿಯೂ ಇರಲಿಲ್ಲ. ಸಾಫ್ಟ್‌ವೇರಿನವರಿಗೆ ಇದು ಹೊಸ ರೋಗವಲ್ಲ: ಒಂದೇ ವಸ್ತುವಿಗೆ ಎರಡು ಡೇಟಾಬೇಸಿನಲ್ಲಿ ಎರಡು ಕೀ, ನಡುವೆ ಕೊಂಡಿ ಇಲ್ಲ. ಆ ಕೊಂಡಿ ಇದ್ದದ್ದು ವಿಮಾನ ಕಂಪನಿಯ ಕಚೇರಿಯಲ್ಲಿ. ಆ ಕಂಪನಿ ದಿವಾಳಿಯಾಗಿ ಕೆಲವು ವರ್ಷಗಳಾಗಿದ್ದವು. ಅದರ ಹೆಸರು ಇಲ್ಲಿ ಬೇಡ. ಅಮೆರಿಕದ ಡೀಲರ್ ಅಂಗಡಿ ಮುಚ್ಚಿದ್ದ. ಫೋನ್ ಮಾಡಿದರೆ ಆ ನಂಬರಿನಲ್ಲಿ ಈಗ ಯಾವುದೋ ಹೋಟೆಲ್.

ಗೆಳೆಯ ವರ್ನಿಯರ್ ತಂದ. ಪ್ಯಾಡಿನ ಉದ್ದ, ಅಗಲ, ದಪ್ಪ, ಎರಡು ರಿವೆಟ್ ತೂತುಗಳ ನಡುವಿನ ಅಂತರ, ತೂತಿನ ವ್ಯಾಸ, ಡಿಸ್ಕಿನ ದಪ್ಪ ಎಲ್ಲ ಅಳೆದು ನಾನು ಒಂದು ಶೀಟಿನಲ್ಲಿ ಬರೆದುಕೊಂಡೆ. ಕ್ಯಾಲಿಪರಿನ ಮಣ್ಣು ಒರೆಸಿದಾಗ ಎರಕದ ಒಂದು ಗುರುತು ಕಂಡಿತು. ಮ್ಯಾಟ್ಕೊ, ಗ್ರೋವ್, ಫ್ರಾನ್ಸಿನ ಬೆರಿಂಗರ್ ಹೀಗೆ ಸಣ್ಣ ವಿಮಾನಗಳಿಗೆ ಬ್ರೇಕ್ ಮಾಡುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಒಂದೊಂದರ ಕ್ಯಾಟಲಾಗ್ ತೆರೆದು ಆ ಗುರುತು ಹುಡುಕಿದೆವು. ಎರಡು ಸಂಜೆಯಲ್ಲಿ ಬ್ರೇಕಿನ ಮೂಲ ತಯಾರಕರು ಸಿಕ್ಕರು. ಅವರ ಉತ್ತರ ಮರುದಿನವೇ ಬಂತು: ಈ ಆಕಾರದ ಪ್ಯಾಡ್ ನಮ್ಮಲ್ಲಿದೆ, ಎರಡು ಬಗೆಯ ವಸ್ತುವಿನಲ್ಲಿದೆ, ನಿಮ್ಮ ವಿಮಾನಕ್ಕೆ ಯಾವುದು ಎಂದು ಹೇಳಬೇಕಾದವರು ವಿಮಾನ ತಯಾರಕರು.

ಎರಡು ಬಗೆ ಅಂದರೆ ಬರೀ ಬೆಲೆಯ ವ್ಯತ್ಯಾಸವಲ್ಲ. ನಾರು ಮತ್ತು ರಾಳ ಸೇರಿಸಿ ಮಾಡಿದ ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ ಹಿಡಿಯುತ್ತದೆ, ಡಿಸ್ಕನ್ನು ಕಡಿಮೆ ತಿನ್ನುತ್ತದೆ. ಲೋಹದ ಪುಡಿ ಒತ್ತಿ ಮಾಡಿದ ಮೆಟಾಲಿಕ್ ಪ್ಯಾಡ್ ಹೆಚ್ಚು ಶಾಖ ತಡೆಯುತ್ತದೆ. ಡಿಸ್ಕನ್ನು ಒಂದಕ್ಕೆಂದು ರೂಪಿಸಿ ಇನ್ನೊಂದನ್ನು ಹಾಕಿದರೆ ಬ್ರೇಕ್ ಹಿಡಿಯುವ ರೀತಿಯೇ ಬದಲಾಗುತ್ತದೆ. ಕಡಿಮೆ ಹಿಡಿದರೆ ನಿಲ್ಲುವುದಿಲ್ಲ. ಅತಿಯಾಗಿ ಹಿಡಿದರೆ ಹಗುರ ವಿಮಾನದ ಚಕ್ರ ಲಾಕ್ ಆಗಿ ಟೈರ್ ಒಂದೇ ಕಡೆ ಸವೆದು ಒಡೆಯುತ್ತದೆ.

ಫ್ಯಾಕ್ಟರಿಯ ಮಾತೇ ಕಾನೂನು

ಅಮೆರಿಕದಲ್ಲಿ ಸೆಸ್ನಾ 172 ಥರದ ಸಾಂಪ್ರದಾಯಿಕ ಸಣ್ಣ ವಿಮಾನಗಳ ವಿನ್ಯಾಸವನ್ನು ಎಫ್‌ಎಎ ತಾನೇ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿರುತ್ತದೆ. ಅವುಗಳಿಗೆ ಬೇರೆ ಕಂಪನಿಯವರು ಬದಲಿ ಬಿಡಿಭಾಗ ಮಾಡಬೇಕಾದರೆ ಎಫ್‌ಎಎಯಿಂದ ಪಿಎಂಎ ಎಂಬ ಅನುಮೋದನೆ ಪಡೆಯುತ್ತಾರೆ. ರ‍್ಯಾಪ್ಕೊ ಎಂಬ ಕಂಪನಿಯ ಬ್ರೇಕ್ ಲೈನಿಂಗುಗಳು ಹೀಗೆ ಅನುಮೋದನೆ ಪಡೆದು ಮಾರಾಟವಾಗುತ್ತವೆ. ಅಲ್ಲಿ ಪೈಪೋಟಿ ಇದೆ, ಆಯ್ಕೆ ಇದೆ.

ಲೈಟ್ ಸ್ಪೋರ್ಟ್ ವಿಮಾನದ ದಾರಿ ಬೇರೆ. ಖರ್ಚು ತಗ್ಗಿಸಲೆಂದು ಇಲ್ಲಿ ಸರಕಾರ ಹಿಂದೆ ಸರಿದು, ಉದ್ಯಮವೇ ಒಪ್ಪಿಕೊಂಡ ಎಎಸ್‌ಟಿಎಂ ಮಾನದಂಡಗಳಿಗೆ ಜಾಗ ಕೊಟ್ಟಿತು. ವಿಮಾನ ಈ ಮಾನದಂಡಕ್ಕೆ ತಕ್ಕಂತಿದೆ ಎಂದು ತಯಾರಕರೇ ಬರೆದು ಸಹಿ ಹಾಕುತ್ತಾರೆ. ಆ ಸಹಿಯ ಮೇಲೆ ವಿಮಾನ ಹಾರುತ್ತದೆ. ಇದರ ಇನ್ನೊಂದು ಮುಖ ಏನೆಂದರೆ, ಸಹಿ ಹಾಕಿದವರನ್ನು ಕೇಳದೆ ವಿಮಾನವನ್ನು ಬದಲಾಯಿಸುವಂತಿಲ್ಲ. ಬೇರೆ ಪ್ಯಾಡ್ ಹಾಕಬೇಕಾದರೆ ತಯಾರಕರಿಂದಲೋ, ಅವರ ಜಾಗದಲ್ಲಿ ನಿಲ್ಲಬಹುದೆಂದು ಎಫ್‌ಎಎ ಒಪ್ಪಿದವರಿಂದಲೋ ಪತ್ರ ಬೇಕು.

ಹೀಗಾಗಿ ಒಂದು ವಿಚಿತ್ರ ಸನ್ನಿವೇಶ. ಸಾವಿರಾರು ಸೆಸ್ನಾ, ಪೈಪರ್ ವಿಮಾನಗಳಲ್ಲಿ ನಡೆಯುವ, ಸರಕಾರದ ಮುದ್ರೆ ಇರುವ ಲೈನಿಂಗು ನಿಮ್ಮ ಕ್ಯಾಲಿಪರಿಗೆ ಸರಿಯಾಗಿ ಕೂತರೂ, ಮುಚ್ಚಿಹೋದ ಒಂದು ಫ್ಯಾಕ್ಟರಿ 'ಹೂಂ' ಅನ್ನದೆ ನಿಮ್ಮ ಪುಟ್ಟ ವಿಮಾನಕ್ಕೆ ಹಾಕುವಂತಿಲ್ಲ. ಸರಳವಾಗಲೆಂದು ಮಾಡಿದ ವ್ಯವಸ್ಥೆ, ಹೇಳುವವರು ಇರುವವರೆಗೆ ಮಾತ್ರ ಸರಳ.

ಹೇಳುವವರು ಇಲ್ಲದಾಗುವುದು ಅಪರೂಪವೂ ಅಲ್ಲ. ಸೆಸ್ನಾದಂಥ ದೊಡ್ಡ ಹೆಸರೇ 2007ರಲ್ಲಿ ಸ್ಕೈಕ್ಯಾಚರ್ ಎಂಬ ಲೈಟ್ ಸ್ಪೋರ್ಟ್ ವಿಮಾನ ಘೋಷಿಸಿ, ಚೀನಾದ ಶೆನ್ಯಾಂಗ್‌ನಲ್ಲಿ ಮಾಡಿಸಿ, 2013ಕ್ಕೆ ನಿಲ್ಲಿಸಿತು. ಮಾರಾಟವಾಗದೆ ಉಳಿದವು 2016ರಲ್ಲಿ ಗುಜರಿಗೆ ಹೋದವು. ಜರ್ಮನಿಯ ಫ್ಲೈಟ್ ಡಿಸೈನ್ 2016ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಗಿ ಹೊಸ ಮಾಲೀಕರ ಕೈ ಸೇರಿತು. ಅದರ ವಿಮಾನಗಳು ತಯಾರಾಗುತ್ತಿದ್ದದ್ದು ಉಕ್ರೇನಿನ ಖೆರ್ಸೋನ್‌ನಲ್ಲಿ. 2022ರಲ್ಲಿ ಯುದ್ಧ ಆ ಊರಿಗೇ ಬಂದಾಗ ಉತ್ಪಾದನೆ ಝೆಕ್ ಗಣರಾಜ್ಯಕ್ಕೆ ಹೋಯಿತು. ಅರಿಜೋನಾದ ಹ್ಯಾಂಗರಿನಲ್ಲಿ ನಿಂತ ವಿಮಾನದ ಒಂದು ಪ್ಯಾಡಿಗೂ ಯುರೋಪಿನ ಯುದ್ಧ, ಬ್ಯಾಂಕು, ಕೋರ್ಟುಗಳಿಗೂ ಹೀಗೆ ಸಂಬಂಧ ಬೆಳೆಯುತ್ತದೆ.

ಕಾನೂನಿನಲ್ಲಿ ಒಂದು ಹಿಂಬಾಗಿಲು ಇದೆ. ವಿಮಾನವನ್ನು ಎಕ್ಸ್‌ಪೆರಿಮೆಂಟಲ್ ಲೈಟ್ ಸ್ಪೋರ್ಟ್ ಎಂಬ ವರ್ಗಕ್ಕೆ ಬದಲಾಯಿಸಿಕೊಂಡರೆ ತಯಾರಕರ ಪತ್ರದ ಹಂಗಿಲ್ಲ. ಯಾವ ಪ್ಯಾಡ್ ಹಾಕಬೇಕೆಂಬುದು ಮಾಲೀಕರ ನಿರ್ಧಾರ, ಹೊಣೆಯೂ ಅವರದೇ. ಆದರೆ ಆಮೇಲೆ ಆ ವಿಮಾನವನ್ನು ಬಾಡಿಗೆಗೆ ಕೊಡುವಂತಿಲ್ಲ, ದುಡ್ಡು ತೆಗೆದುಕೊಂಡು ಹೊರಗಿನವರಿಗೆ ಅದರಲ್ಲಿ ಕಲಿಸುವಂತಿಲ್ಲ. ಮೂವರು ಪಾಲುದಾರರಲ್ಲಿ ಒಬ್ಬರು ತರಬೇತುದಾರರು. ವಾರದ ದಿನಗಳಲ್ಲಿ ಈ ವಿಮಾನದಲ್ಲಿ ಕಲಿಸಿಯೇ ಅವರ ಮನೆ ನಡೆಯಬೇಕು. ಎರಡು ಪ್ಯಾಡಿಗೋಸ್ಕರ ಅವರ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ ಎಂದು ಗೆಳೆಯ ಆ ಬಾಗಿಲನ್ನು ಮುಚ್ಚಿಯೇ ಇಟ್ಟ. ಆದರೆ ವಿಮಾನ ನಿಂತ ಒಂದೊಂದು ವಾರವೂ ಆ ತರಬೇತುದಾರರಿಗೆ ಸಂಪಾದನೆ ಇಲ್ಲದ ವಾರವೇ.

ದಾವಣಗೆರೆ ಡಿಪೋದ ಕಣ್ಣು

ಆ ದಿನಗಳಲ್ಲಿ ಗೆಳೆಯನ ತಂದೆ ಅವನ ಮನೆಯಲ್ಲಿದ್ದರು. ಕೆಎಸ್‌ಆರ್‌ಟಿಸಿಯ ದಾವಣಗೆರೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮಾರ್ಚ್‌ನಲ್ಲಿ ಬಂದಿದ್ದರು, ಮೇ ಕೊನೆಗೆ ವಾಪಸ್ ಟಿಕೆಟ್. ಮಗ ವಿಮಾನ ಓಡಿಸುತ್ತಾನೆ ಎಂದು ಊರಲ್ಲೆಲ್ಲ ಹೇಳಿಕೊಂಡಿದ್ದರು. ಆ ವಿಮಾನದಲ್ಲಿ ಒಂದು ಸುತ್ತು ಕೂರಬೇಕೆಂಬುದು ಈ ಪ್ರಯಾಣದ ಮುಖ್ಯ ಆಸೆ. ಬಂದ ಹೊಸದರಲ್ಲಿ ಗಾಳಿ ಜೋರು, ಆಮೇಲೆ ಮಗನಿಗೆ ಆಫೀಸಿನ ಕೆಲಸ. ತಪಾಸಣೆ ಮುಗಿದ ಮೇಲೆ ಆರಾಮಾಗಿ ಹೋದರಾಯಿತು ಎಂದುಕೊಂಡಿದ್ದರು.

ಸವೆದ ಪ್ಯಾಡನ್ನು ಅವರ ಕೈಗೆ ಕೊಟ್ಟಾಗ ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು. "ಏನಪಾ ಇದು, ನಮ್ಮ ಬಸ್ಸಿನ ಲೈನರ್ ಮರಿ ಇದ್ದಂಗೈತಲ್ಲ!" ಮಾತು ಸರಿಯೇ. ಬಸ್ಸಿನ ಡ್ರಮ್ ಬ್ರೇಕಿನಲ್ಲಿ ಶೂ ಮೇಲೆ ಲೈನರನ್ನು ರಿವೆಟ್ ಹೊಡೆದೇ ಕೂರಿಸುತ್ತಾರೆ. ಇಲ್ಲೂ ಹಾಗೆಯೇ: ಲೋಹದ ತಟ್ಟೆಯ ಮೇಲೆ ಲೈನಿಂಗ್, ಅದನ್ನು ಹಿಡಿದಿಡಲು ಮೆದು ಲೋಹದ ಪೊಳ್ಳು ರಿವೆಟ್. ಲೈನರ್ ಸವೆದರೆ ತಟ್ಟೆ ಹಾಗೇ ಇರುತ್ತದೆ, ಹೊಸ ಲೈನರ್ ಹೊಡೆದರಾಯಿತು. ಕಾರು, ಬೈಕುಗಳಲ್ಲಿ ಅಂಟಿಸಿದ ಪ್ಯಾಡು ಬಂದ ಮೇಲೆ ನಮ್ಮ ಪೀಳಿಗೆ ಮರೆತ ಕೆಲಸವೊಂದು ಬಸ್ ಡಿಪೋದಲ್ಲೂ ವಿಮಾನದ ಹ್ಯಾಂಗರಿನಲ್ಲೂ ಉಳಿದುಕೊಂಡಿದೆ.

ಮೇ ಎರಡನೆಯ ವಾರದ ಹೊತ್ತಿಗೆ ಒಂದು ಆಮಿಷ ಎದುರಾಯಿತು. ಗೋ-ಕಾರ್ಟ್ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ನಮ್ಮ ಶೀಟಿನ ಅಳತೆಗೆ ಹೆಚ್ಚುಕಡಿಮೆ ಹೊಂದುವ ಪ್ಯಾಡ್ ಸಿಕ್ಕಿತು. ಕೂರಿಸಿ ನೋಡಿದರೆ ಮಾಡಿಸಿದ ಹಾಗಿತ್ತು. ಬೆಲೆ ಒಂದು ಊಟದ ದುಡ್ಡು. ತಂದೆಯ ಪ್ರಯಾಣಕ್ಕೆ ಎರಡೇ ವಾರ ಉಳಿದಿತ್ತು. ಗೆಳೆಯ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಬೇಡ ಎಂದು ಮೆಕ್ಯಾನಿಕ್ ಹೇಳಲೂ ಇಲ್ಲ. ಲಾಗ್‌ಬುಕ್ಕಿನಲ್ಲಿ ಸಹಿ ಹಾಕಲಾರೆ ಎಂದಷ್ಟೇ ಹೇಳಿದ.

ಬೇಡ ಎಂದವರು ತಂದೆ. ಅವರ ಕಾರಣ ಕಾನೂನಿನದಾಗಿರಲಿಲ್ಲ. ಪ್ಯಾಡನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡಿ, "ಸೈಜ್ ಕೂತ್ರ ಆಗಂಗಿಲ್ಲ. ಬಿಸಿ ಆದಾಗ ಇದು ಏನು ಮಾಡ್ತೈತಿ ಅಂತ ಯಾರಿಗೆ ಗೊತ್ತು?" ಎಂದರು. ಡಿಪೋದಲ್ಲಿ ಇದನ್ನು ಕಣ್ಣಾರೆ ಕಂಡವರು ಅವರು. ತಣ್ಣಗಿದ್ದಾಗ ಚೆನ್ನಾಗಿ ಹಿಡಿಯುವ ಲೈನರು ಘಾಟಿ ಇಳಿಯುವಾಗ ಕಾದು ಜಾರತೊಡಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಬ್ರೇಕ್ ಫೇಡ್ ಎನ್ನುತ್ತಾರೆ. ಶಾಖಕ್ಕೆ ಪ್ಯಾಡಿನ ರಾಳ ಒಡೆದು, ಉಜ್ಜುವ ಮೈ ನುಣುಪಾಗಿ, ಪೆಡಲ್ ಎಷ್ಟು ಒತ್ತಿದರೂ ಹಿಡಿತ ಬರುವುದಿಲ್ಲ. ಪ್ಯಾಡಿನ ಆಕಾರವನ್ನು ವರ್ನಿಯರ್ ಅಳೆಯಬಲ್ಲದು, ಈ ಗುಣವನ್ನು ಅಳೆಯಲಾರದು.

ಅಲ್ಲಿಯವರೆಗೆ ನನ್ನ ಕಣ್ಣಿಗೆ ತಯಾರಕರ ಪತ್ರ ಬರೀ ಕಾಗದವಾಗಿತ್ತು. ಅವರ ಮಾತಿನ ನಂತರ ಅದು ಏನು ಹೇಳುತ್ತದೆ ಎಂಬುದು ಸ್ಪಷ್ಟವಾಯಿತು: ಈ ತೂಕ, ಈ ಡಿಸ್ಕ್, ಈ ವೇಗಕ್ಕೆ ಈ ವಸ್ತು ಎಷ್ಟು ಬಿಸಿಯವರೆಗೆ ಹಿಡಿಯುತ್ತದೆ ಎಂದು ಯಾರೋ ಒಬ್ಬರು ನೋಡಿದ್ದಾರೆ. ನಾವು ಹುಡುಕುತ್ತಿದ್ದದ್ದು ಆ ಒಬ್ಬರನ್ನು.

ಒಂಬತ್ತು ದಿನ ತಡ

ದಿವಾಳಿಯಾದ ಕಂಪನಿಯ ಆಸ್ತಿಯ ಜೊತೆ ಅದರ ನಕ್ಷೆಗಳನ್ನೂ, ಹಳೆಯ ವಿಮಾನಗಳ ಹೊಣೆಯನ್ನೂ ಯುರೋಪಿನ ಇನ್ನೊಂದು ಸಣ್ಣ ಕಂಪನಿ ಕೊಂಡಿತ್ತು. ಗೆಳೆಯ ಬರೆದ ಮೊದಲ ಮೂರು ಮೇಲ್‌ಗಳಿಗೆ ಉತ್ತರ ಇಲ್ಲ. ನಾಲ್ಕನೆಯದರಲ್ಲಿ ನಾವು ಧಾಟಿ ಬದಲಾಯಿಸಿದೆವು. 'ಪ್ಯಾಡ್ ಕೊಡಿ' ಎಂದು ಕೇಳುವ ಬದಲು ವಿಮಾನದ ಸೀರಿಯಲ್ ನಂಬರ್, ಕ್ಯಾಲಿಪರಿನ ಗುರುತು, ಅಳತೆಯ ಶೀಟು, ಡಿಸ್ಕಿನ ಫೋಟೊ, ಬ್ರೇಕ್ ತಯಾರಕರ ಎರಡೂ ಪ್ಯಾಡುಗಳ ನಂಬರ್ ಎಲ್ಲ ಒಂದೇ ಪುಟದಲ್ಲಿಟ್ಟು, 'ಇವೆರಡರಲ್ಲಿ ಯಾವುದಕ್ಕೆ ನಿಮ್ಮ ಒಪ್ಪಿಗೆ ಇದೆ?' ಎಂಬ ಒಂದೇ ಪ್ರಶ್ನೆ ಕೇಳಿದೆವು. ಬಗ್ ರಿಪೋರ್ಟ್ ಬರೆದು ಪಳಗಿದ ಕೈಗೆ ಇದು ಕಷ್ಟವಲ್ಲ. ಓದುವವನಿಗೆ ಯೋಚಿಸುವ ಕೆಲಸ ಎಷ್ಟು ಕಡಿಮೆ ಇಡುತ್ತೀರೋ ಉತ್ತರ ಅಷ್ಟು ಬೇಗ.

ಉತ್ತರ ಬಂತು. ಎಂಜಿನಿಯರ್ ಹಳೆಯ ಕಡತ ನೋಡಿ ಹೇಳುತ್ತಾರೆ, ಸ್ವಲ್ಪ ಸಮಯ ಬೇಕು ಎಂದು. ಆ ಸ್ವಲ್ಪ ಸಮಯದಲ್ಲಿ ಮೇ ಮುಗಿಯಿತು. ಗೆಳೆಯನ ತಂದೆ ದೊಡ್ಡ ವಿಮಾನ ಹತ್ತಿ ಊರಿಗೆ ಹೊರಟರು. ಹೊರಡುವ ಹಿಂದಿನ ದಿನ ಹ್ಯಾಂಗರಿಗೆ ಹೋಗಿ, ಜ್ಯಾಕ್ ಮೇಲಿದ್ದ ವಿಮಾನದ ಎಡ ಸೀಟಿನಲ್ಲಿ ಹತ್ತು ನಿಮಿಷ ಕೂತು, ಪೆಡಲ್ ಒತ್ತಿ ನೋಡಿ, ಫೋಟೊ ತೆಗೆಸಿಕೊಂಡರು. ಮಗನ ಮುಖ ನೋಡುವಂತಿರಲಿಲ್ಲ. ಅವರು ಮಾತ್ರ ಏನೂ ಆಗದವರಂತೆ ಇದ್ದರು.

ಅನುಮತಿ ಪತ್ರ ಬಂದದ್ದು ಅವರು ಹೋದ ಒಂಬತ್ತನೆಯ ದಿನ. ಒಂದು ಪುಟ, ಒಂದು ಪ್ಯಾಡ್ ನಂಬರ್, ಒಂದು ಸಹಿ. ಆರ್ಗ್ಯಾನಿಕ್ ಪ್ಯಾಡ್ ಹಾಕಬಹುದು, ಮೆಟಾಲಿಕ್ ಬೇಡ, ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಬೇಕು ಎಂಬುದು ಸಾರ. ಪ್ಯಾಡ್ ಮೂರು ದಿನದಲ್ಲಿ ಮನೆಗೆ ಬಂತು.

ಕೂರಿಸುವ ಕೆಲಸ ನೋಡಲು ಚೆಂದ. ಚಕ್ರ ಬಿಚ್ಚಬೇಕಿಲ್ಲ, ಹಿಂಬದಿಯ ತಟ್ಟೆಯ ಬೋಲ್ಟ್ ತೆಗೆದರೆ ಕ್ಯಾಲಿಪರ್ ಜಾರಿ ಹೊರಗೆ ಬರುತ್ತದೆ. ಹಳೆಯ ರಿವೆಟ್ ತೆಗೆದು, ತಟ್ಟೆ ಬಾಗಿದೆಯೇ ನೋಡಿ, ಹೊಸ ಲೈನಿಂಗ್ ಇಟ್ಟು, ಸಣ್ಣ ಅಚ್ಚಿನಲ್ಲಿ ರಿವೆಟ್ಟಿನ ಬಾಯಿ ಅರಳಿಸುತ್ತಾರೆ. ಆಮೇಲೆ ಲೈನಿಂಗ್ ಕೈಗೆ ಅಲ್ಲಾಡಬಾರದು, ರಿವೆಟ್ಟಿನ ಸುತ್ತ ಬಿರುಕು ಇರಬಾರದು. ಗೆಳೆಯ ವಿಡಿಯೊ ಕರೆ ಮಾಡಿ ತಂದೆಗೆ ತೋರಿಸಿದ. ಅಲ್ಲಿ ರಾತ್ರಿ ಹನ್ನೊಂದು ದಾಟಿತ್ತು. "ಬೆರಳಿಂದ ಬಡಿದು ನೋಡು, ಟಣ್ ಅನ್ನಬೇಕು, ಪಟ್ ಅಂದ್ರ ಸಡಿಲ ಐತಿ" ಎಂದರು ಅವರು. ಅಮೆರಿಕನ್ ಮೆಕ್ಯಾನಿಕ್‌ಗೆ ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆತ ಬಡಿದು, ಕಿವಿಗೊಟ್ಟು, ಹೆಬ್ಬೆರಳು ಎತ್ತಿ ತೋರಿಸಿದ.

ಬ್ರೇಕ್ ದ್ರವದ ಬಗ್ಗೆಯೂ ಒಂದು ಮಾತು ಹೇಳಬೇಕು. ಬಹುತೇಕ ಸಣ್ಣ ವಿಮಾನಗಳಲ್ಲಿ ಇರುವುದು ಕೆಂಪು ಬಣ್ಣದ ಖನಿಜ ತೈಲ. ನಮ್ಮ ಕಾರು, ಬೈಕಿನಲ್ಲಿರುವ ಡಾಟ್ 3, ಡಾಟ್ 4 ದ್ರವ ಗ್ಲೈಕಾಲ್ ಜಾತಿಯದು. ಒಂದರ ರಬ್ಬರ್ ಸೀಲಿಗೆ ಇನ್ನೊಂದರ ದ್ರವ ಆಗಿಬರುವುದಿಲ್ಲ. ಸೀಲು ಉಬ್ಬಿ, ಮೆತ್ತಗಾಗಿ ಸೋರುತ್ತದೆ. ಕೆಲವು ಲೈಟ್ ಸ್ಪೋರ್ಟ್ ವಿಮಾನಗಳಲ್ಲಿ ಮಾತ್ರ ಡಾಟ್ 4 ಇರುತ್ತದೆ. ಹಾಗಾಗಿ ಇಲ್ಲೂ ಅಂದಾಜು ನಡೆಯದು, ಕೈಪಿಡಿ ನೋಡಿಯೇ ಸುರಿಯಬೇಕು.

ಹೊಸ ಪ್ಯಾಡ್ ಹಾಕಿದ ಕೂಡಲೇ ಹಾರುವಂತಿಲ್ಲ. ಅದನ್ನು ಪಳಗಿಸಬೇಕು. ಆರ್ಗ್ಯಾನಿಕ್ ಬಗೆಗೆ ಟ್ಯಾಕ್ಸಿವೇ ಮೇಲೆ ಎಂಜಿನ್ ಸ್ವಲ್ಪ ಏರಿಸಿ, ಬ್ರೇಕ್ ಹಗುರವಾಗಿ ಒತ್ತಿ ಹಿಡಿದು, ನಡಿಗೆಗಿಂತ ತುಸು ಜೋರಾಗಿ ಒಂದಷ್ಟು ದೂರ ಓಡಿಸಿ, ಹತ್ತು ಹದಿನೈದು ನಿಮಿಷ ಆರಲು ಬಿಡುತ್ತಾರೆ. ಆ ಶಾಖಕ್ಕೆ ಪ್ಯಾಡಿನ ಮೈ ಹದಗೊಳ್ಳುತ್ತದೆ. ಆಮೇಲೆ ಎಂಜಿನ್ ಜೋರಾಗಿ ತಿರುಗಿಸಿ ಬ್ರೇಕ್ ಹಿಡಿಯುತ್ತದೆಯೇ ನೋಡಬೇಕು. ಹಿಡಿಯಿತು. ಮೆಕ್ಯಾನಿಕ್ ಲಾಗ್‌ಬುಕ್ಕಿನಲ್ಲಿ ಪ್ಯಾಡಿನ ನಂಬರ್, ಪತ್ರದ ದಿನಾಂಕ ಬರೆದು ಸಹಿ ಹಾಕಿದ. ಮರುದಿನ ಬೆಳಿಗ್ಗೆ ತರಬೇತುದಾರರು ತಮ್ಮ ಶಿಷ್ಯನೊಬ್ಬನ ಜೊತೆ ಹಾರಿದರು.

ನಮ್ಮಲ್ಲಿ ಹೇಗೆ?

ಇದು ಅಮೆರಿಕದ ಶೋಕಿ, ನಮಗೇನು ಎಂದು ಕೇಳಬಹುದು. ಭಾರತದಲ್ಲೂ ಹಗುರ ವಿಮಾನಗಳು ಇವೆ. ಬೆಂಗಳೂರಿನ ಜಕ್ಕೂರಿನಲ್ಲಿ ಮೈಕ್ರೋಲೈಟುಗಳು ಹಾರುವುದನ್ನು ಬಳ್ಳಾರಿ ರಸ್ತೆಯಲ್ಲಿ ಓಡಾಡಿದವರೆಲ್ಲ ನೋಡಿರುತ್ತಾರೆ. ಬೆಂಗಳೂರಿನದೇ ಆದ ರಾಜ್ ಹಂಸ ಅಲ್ಟ್ರಾಲೈಟ್ಸ್ ಎಕ್ಸ್-ಏರ್ ಎಂಬ ಹಗುರ ವಿಮಾನ ಮಾಡಿ ಹೊರದೇಶಗಳಿಗೂ ಕಳುಹಿಸಿದೆ. ಎನ್‌ಸಿಸಿ, ವಾಯುಪಡೆ, ನೌಕಾಪಡೆಗಳಿಗೆಂದು 2015ರಲ್ಲಿ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯಿಂದ 194 ಹಗುರ ವಿಮಾನಗಳಿಗೆ ಒಪ್ಪಂದವಾಯಿತು. ಆ ಪಿಪಿಸ್ಟ್ರೆಲ್ ಕೂಡ 2022ರಲ್ಲಿ ಅಮೆರಿಕದ ಟೆಕ್ಸ್‌ಟ್ರಾನ್ ಪಾಲಾಯಿತು. ವಿಮಾನದ ಆಯುಸ್ಸು ದಶಕಗಳದು, ಕಂಪನಿಗಳ ಆಯುಸ್ಸು ಹಾಗಲ್ಲ. ನಮ್ಮಲ್ಲೂ ವಿಮಾನಕ್ಕೆ ಬರುವ ಬಿಡಿಭಾಗದ ಜೊತೆ ಅದರ ಹುಟ್ಟು ಹೇಳುವ ಪತ್ರ ಬರಬೇಕು. ಡಿಜಿಸಿಎ ಇದನ್ನು ಸಿಎ ಫಾರ್ಮ್ 1 ಎನ್ನುತ್ತದೆ, ಅಮೆರಿಕದವರು 8130-3 ಎನ್ನುತ್ತಾರೆ. ಪ್ಯಾಡ್ ಕಳೆದರೆ ಇನ್ನೊಂದು ತರಬಹುದು. ಪತ್ರ ಕಳೆದರೆ ಆ ಪ್ಯಾಡ್ ಇದ್ದೂ ಇಲ್ಲದಂತೆ.

ಗೆಳೆಯನ ಹ್ಯಾಂಗರಿನಲ್ಲಿ ಈಗ ಒಂದು ಸಣ್ಣ ಕಪಾಟು ಇದೆ. ಅದರಲ್ಲಿ ಎರಡು ಜೊತೆ ಪ್ಯಾಡ್, ರಿವೆಟ್ಟಿನ ಪೊಟ್ಟಣ, ಅನುಮತಿ ಪತ್ರದ ಮೂರು ಪ್ರತಿ. ಪ್ಯಾಡಿನ ಜೊತೆಗೆ ಚಕ್ರದ ಬೇರಿಂಗ್, ಸೀಲು, ಫಿಲ್ಟರು, ಟೈರ್ ಟ್ಯೂಬಿಗೂ ನಾವು ಅದೇ ಥರದ ಶೀಟು ಮಾಡಿದೆವು: ವಿಮಾನ ಕಂಪನಿಯ ನಂಬರ್, ಮೂಲ ತಯಾರಕರ ನಂಬರ್, ಒಪ್ಪಿಗೆ ಯಾರದು, ಪತ್ರ ಎಲ್ಲಿದೆ. ಕೆಲವು ಸಾಲುಗಳು ಇನ್ನೂ ಖಾಲಿ ಇವೆ. ಉತ್ತರ ಹೇಳಬಲ್ಲವರು ಇರುವಾಗಲೇ ತುಂಬಿಸಬೇಕೆಂದು ತಿಂಗಳಿಗೊಂದು ಮೇಲ್ ಹೋಗುತ್ತಿದೆ.

ಅವನ ತಂದೆಗೆ ಮುಂದಿನ ಮಾರ್ಚ್‌ಗೆ ಮತ್ತೆ ಟಿಕೆಟ್ ಆಗಿದೆ. ತಪಾಸಣೆಯನ್ನು ಈ ಸಲ ಫೆಬ್ರವರಿಗೇ ಮುಗಿಸುತ್ತಾರಂತೆ.